ಟ್ರೇ ಸಾವ್ಕಾರ್ರ ಶೋಕೇಸು

ಪಾಪಿನಾಯಕನಹಳ್ಳಿಯಲ್ಲಿ ಮನೆಗೆ ಯಾವ ಬಣ್ಣ ಹಚ್ಚಿಸಿದರೂ ಕೊನೆಗೆ ಉಳಿಯುವುದು ಅದಿರಿನ ಕೆಂಪೇ. ಆ ಧೂಳು ಮುಟ್ಟದ ಜಾಗ ಊರಲ್ಲಿ ಒಂದೇ ಒಂದು, ಟ್ರೇ ಸಾವ್ಕಾರ್ರ ಶೋಕೇಸು. ದೇವರ ಸಾಮಾನಿಗೆ ವಾರಕ್ಕೊಮ್ಮೆ ಹುಣಸೆಹಣ್ಣು ಕಾಣಿಸುವ ಮನೆಯಲ್ಲಿ ಶೋಕೇಸಿನ ಚಮಚಗಳಿಗೆ ದಿನಾ ಒರೆಸುವ ಸೇವೆ.

ಅವರಿಗೆ ಬೇರೆ ಹೆಸರಿದೆ, ಅದು ರೇಷನ್ ಕಾರ್ಡಿನಲ್ಲಿ ಆರಾಮಾಗಿದೆ. ಇಂಥವರು ಹೊಸಪೇಟೆ, ಸಂಡೂರು, ಕಂಪ್ಲಿ ಕಡೆ ಓಣಿಗೊಬ್ಬರಾದರೂ ಸಿಗುತ್ತಾರೆ. 2008ರ ಬೀಜಿಂಗ್ ಒಲಿಂಪಿಕ್ಸಿಗೆ ಮುಂಚೆ ಚೀನಾಕ್ಕೆ ಎಷ್ಟು ಅದಿರು ಕಳಿಸಿದರೂ ಸಾಲದಾಗಿದ್ದ ಕಾಲದಲ್ಲಿ ಒಂದು ಲಾರಿ ನಾಲ್ಕಾಗಿ, ನಾಲ್ಕು ಹತ್ತಾಗಿ, ಹತ್ತನೆಯದರ ಮೊದಲ ಕಂತು ಕಟ್ಟುವ ಮುಂಚೆಯೇ ವಿಮಾನ ಹತ್ತಿದವರು. ದೆಲ್ಲಿಯಲ್ಲಿ ಏನು ಕೆಲಸವಿತ್ತು ಎಂದು ಕೇಳಬಾರದು. ಊಟ ಕೊಡುವಷ್ಟು ದೂರವಿತ್ತು, ಸಾಕು.

ಮನೆಗೆ ಹೋದರೆ ಚಹಾಕ್ಕಿಂತ ಮೊದಲು ಕೈಗೆ ವಿಮಾನದ ಊಟದ ಟ್ರೇಯಿಂದ ಬಂದ ಫೋರ್ಕು ಬರುತ್ತದೆ.

“ಹಿಡೀರಿ. ತೂಕ ನೋಡ್ರಿ. ಇದು ಕಿಂಗ್‌ಫಿಷರ್.”

ನಾವು ತೂಕ ನೋಡಿ, ತಲೆದೂಗಬೇಕು. ಆಮೇಲೆ ಮುಚ್ಚಳವಿರುವ ಪುಟ್ಟ ಬಟ್ಟಲು, ಅಂಗೈಯಷ್ಟೇ ಅಗಲದ ತಟ್ಟೆ, ಇಂಡಿಯನ್ ಏರ್‌ಲೈನ್ಸಿನಲ್ಲಿ ವಿಮಾನ ಮೇಲೇಳುವ ಮುಂಚೆ ಹಂಚುತ್ತಿದ್ದ ಚಾಕೊಲೇಟಿನ ಖಾಲಿ ಕಾಗದ. ಚಾಕೊಲೇಟು ಏನಾಯಿತು ಎಂದರೆ ಕೋಪ ಬರುತ್ತದೆ. ಚಾಕು ಮಾತ್ರ ವಿಮಾನದ್ದಲ್ಲ, ಬೆಂಗಳೂರಿನ ಸಂಡೇ ಬಜಾರಿನದು. 2001ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಆದ ಅನಾಹುತದ ನಂತರ ವಿಮಾನಗಳಿಂದ ಲೋಹದ ಚಾಕು ಮಾಯವಾಗಿ ಪ್ಲಾಸ್ಟಿಕ್ ಬಂತು. “ಯಾರೋ ಮಾಡಿದ ಪಾಪ, ನನ್ನ ಸೆಟ್ಟು ಹರಕು ಬಿತ್ತು” ಎಂದು ಸಾವ್ಕಾರ್ರು ಇಂದಿಗೂ ನೊಂದುಕೊಳ್ಳುತ್ತಾರೆ.

ಅವರ ಸಂಗ್ರಹಕ್ಕೊಂದು ಶಾಸ್ತ್ರವಿದೆ. ದುಡ್ಡು ಕೊಟ್ಟು ವಿಮಾನದಲ್ಲಿ ಕೊಂಡದ್ದಕ್ಕೆ ಶೋಕೇಸಿನಲ್ಲಿ ಜಾಗವಿಲ್ಲ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿ ಟಿಕೆಟ್ಟಿನ ಬೆಲೆ ಇಳಿಸಿದರು, ಊಟವನ್ನೂ ಇಳಿಸಿದರು, ನೀರಿಗೂ ಕಾಸು. ನಮ್ಮಂಥವರು ವಿಮಾನ ಕಂಡದ್ದೇ ಆ ಪುಣ್ಯಾತ್ಮರಿಂದ, ಆದರೆ ಶೋಕೇಸಿನಲ್ಲಿ ಅವರ ಗುರುತು ಒಂದೂ ಇಲ್ಲ. ಇಂಡಿಗೋದ ಗೋಡಂಬಿ ಡಬ್ಬಿ ಎಷ್ಟೇ ಚೆಂದವಿರಲಿ, ಕೊಂಡದ್ದು ಎಂಬ ಕಳಂಕದಿಂದ ಅಡುಗೆಮನೆ ಸೇರಿ ಸಾಸಿವೆ ತುಂಬಿಕೊಂಡಿದೆ. ವಿಮಾನದ ಊಟದ ಇತಿಹಾಸ ಶುರುವಾದದ್ದೇ ಮಾರಾಟದಿಂದ, 1919ರ ಅಕ್ಟೋಬರಿನಲ್ಲಿ ಲಂಡನ್-ಪ್ಯಾರಿಸ್ ವಿಮಾನದಲ್ಲಿ ತಣ್ಣನೆ ಊಟದ ಡಬ್ಬಿಗೆ ಮೂರು ಶಿಲಿಂಗ್ ವಸೂಲು ಮಾಡಿದರು ಎಂದು ನಾನೊಮ್ಮೆ ಹೇಳಿದೆ. ಎರಡು ದಿನ ನನ್ನೊಡನೆ ಮಾತು ಬಿಟ್ಟರು. ಸಂಡೇ ಬಜಾರಿನ ಚಾಕು ಕೊಂಡದ್ದಲ್ಲವೇ ಎಂದು ಕೇಳಿದ್ದರೆ ತಿಂಗಳು ಬಿಡುತ್ತಿದ್ದರೋ ಏನೋ.

ತಿಂದದ್ದರ ರುಚಿ ಕೇಳಿದರೆ ಮಾತು ತಡವರಿಸುತ್ತದೆ. “ಉಪ್ಪು ಸ್ವಲ್ಪ ಕಡಿಮಿ.” ಇದರಲ್ಲಿ ಬಾಣಸಿಗನ ತಪ್ಪಿಲ್ಲ, ಮೇಲೆ ಗಾಳಿಯ ಒತ್ತಡ ಕಡಿಮೆ, ಮೂಗು ಬಾಯಿ ಒಣಗಿರುತ್ತದೆ, ಉಪ್ಪು-ಸಿಹಿ ನಾಲಿಗೆಗೆ ಸರಿಯಾಗಿ ಹತ್ತುವುದಿಲ್ಲ. ಅವರ ಮನೆಯಾಕೆಗೆ ಈ ವಿಜ್ಞಾನ ಬೇಡ. ಒಗ್ಗರಣೆ-ಮಿರ್ಚಿ ತಂದಿಡುತ್ತಾ ಬಾಗಿಲಿಂದಲೇ ಅಂದರು: “ನಾ ಮಾಡಿದ್ದಕ್ಕ ಉಪ್ಪು ಕಡಿಮಿ ಆದ್ರ ತಾಟು ಸರಸ್ತಾರ. ವಿಮಾನದಾಕಿ ಸೀರಿ ಉಟ್ಕೊಂಡು ನಕ್ಕೊಂತ ಕೊಟ್ಟಾಳ, ಸುಮ್ನ ತಿಂದು ಚಮಚಾನೂ ತಂದಾರ.”

2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಮರುವರ್ಷದ ಅಕ್ಟೋಬರಿನಲ್ಲಿ ಕಿಂಗ್‌ಫಿಷರ್ ಹಾರಾಟ ನಿಲ್ಲಿಸಿತು. ಪತ್ರಿಕೆಗಳು ಸಾಲ, ಬಡ್ಡಿ, ಇಂಧನ ಎಂದೆಲ್ಲ ಬರೆದವು. ಸಾವ್ಕಾರ್ರ ಲೆಕ್ಕ ಸರಳ: “ನಾವು ಹತ್ತೋದು ಬಿಟ್ವಿ, ಅವರು ಹಾರೋದು ಬಿಟ್ರು.” ಲಾರಿಗಳನ್ನು ಫೈನಾನ್ಸಿನವರು ಒಂದೊಂದಾಗಿ ಒಯ್ದರು. ಶೋಕೇಸಿನ ಕಡೆ ಕಣ್ಣೂ ಹಾಯಿಸಲಿಲ್ಲ ಎಂಬುದು ಅವರಿಗೆ ಸಮಾಧಾನವೂ ಹೌದು, ಸಣ್ಣ ಅವಮಾನವೂ ಹೌದು. ಈಗ ಪಕ್ಕದ ತೋರಣಗಲ್ಲಿನಲ್ಲೇ ಜಿಂದಾಲ್ ವಿಮಾನ ನಿಲ್ದಾಣ. 2017ರಲ್ಲಿ ಉಡಾನ್ ಯೋಜನೆಯಲ್ಲಿ ಹೈದರಾಬಾದಿನಿಂದ ವಿಮಾನ ಬಂದಿಳಿಯಿತು. ಸಾವ್ಕಾರ್ರು ಹತ್ತಿಲ್ಲ. ಟ್ರೇ ಬಿಚ್ಚುವುದರೊಳಗೆ ಊರು ಬಂದುಬಿಡುವ ಪ್ರಯಾಣವೂ ಒಂದು ಪ್ರಯಾಣವೇ?

ಸಾವ್ಕಾರ್ರ ಶೋಕೇಸು ಹಾಗಿರಲಿ, ಸಂಗ್ರಹಕಾರರ ಲೋಕದಲ್ಲಿ ಏರ್ ಇಂಡಿಯಾದ ಹಳೇ ಸಾಮಾನಿಗೆ ಭಾರಿ ಗಿರಾಕಿ. 1946ರಲ್ಲಿ ಕಂಪನಿಯ ಬಾಬಿ ಕೂಕಾ ಮತ್ತು ಚಿತ್ರಕಾರ ಉಮೇಶ್ ರಾವ್ ಹುಟ್ಟಿಸಿದ ಲಾಂಛನ, ಮಹಾರಾಜ, ಬಾಗಿ ನಿಂತ ಮೆನು ಕಾರ್ಡನ್ನೂ ಜನ ಜೋಪಾನ ಮಾಡುತ್ತಾರೆ. ಅದೆಲ್ಲದರ ಮೇಲೆ 1967ರ ಆಶ್‌ಟ್ರೇ. ಸ್ಪೇನಿನ ಕಲಾವಿದ ಸಾಲ್ವಡಾರ್ ಡಾಲಿಯಿಂದ ಏರ್ ಇಂಡಿಯಾ ಮಾಡಿಸಿದ್ದು. ಒಂದು ಕಡೆಯಿಂದ ಹಂಸ, ತಿರುಗಿಸಿದರೆ ಆನೆ. ಅದಕ್ಕೆ ಸಂಭಾವನೆಯಾಗಿ ಅವನು ಕೇಳಿದ್ದು ಆನೆಮರಿ. ಕೊಟ್ಟರು. ನಮ್ಮ ಬೆಂಗಳೂರಿನ ಮರಿ, ವಿಮಾನದಲ್ಲಿ ಜಿನೀವಾಕ್ಕೆ, ಅಲ್ಲಿಂದ ಲಾರಿಯಲ್ಲಿ ಸ್ಪೇನಿಗೆ ಹೋಯಿತು.

ಇದನ್ನು ಕೇಳಿದಾಗ ಸಾವ್ಕಾರ್ರ ಕಣ್ಣರಳಿತು. ಕಲೆಗಲ್ಲ.

“ಜಿನೀವಾದಿಂದ ಸ್ಪೇನಿಗೆ ಲಾರಿ ಬಾಡಿಗಿ ಯಾರು ಕೊಟ್ರು?”

ನನಗೆ ಉತ್ತರ ಹೊಳೆಯಲಿಲ್ಲ. ವಾಪಸು ಬರುವಾಗ ಲೋಡ್ ಸಿಕ್ಕಿತೋ ಇಲ್ಲವೋ ಎಂದು ಅವರು ಬಹಳ ಹೊತ್ತು ಚಿಂತಿಸಿದರು.

ಈಚೆಗೆ ಲಂಡನ್ನಿನಲ್ಲಿರುವ ತಂಗಿಯ ಮಗ ವರ್ಜಿನ್ ಅಟ್ಲಾಂಟಿಕ್ ವಿಮಾನದ ಉಪ್ಪು-ಮೆಣಸಿನ ಡಬ್ಬಿಗಳ ಜೋಡಿ ತಂದುಕೊಟ್ಟಿದ್ದಾನೆ. ಪುಟಾಣಿ ವಿಮಾನಗಳ ಆಕಾರ, ರೈಟ್ ಸಹೋದರರದೇ ಹೆಸರು: ವಿಲ್ಬರ್, ಆರ್ವಿಲ್. ಮೇಲಿನ ಸಾಲಿನ ನಡುಮಧ್ಯೆ ಇಟ್ಟರು. ಬಂದ ಮೇಷ್ಟ್ರೊಬ್ಬರು ಎತ್ತಿ, ತಳ ತಿರುಗಿಸಿ, ಇಂಗ್ಲಿಷ್ ಓದಿ, ನಕ್ಕುಬಿಟ್ಟರು. ಪ್ರಯಾಣಿಕರು ಎಗರಿಸುವುದನ್ನು ತಡೆಯಲಾರದೆ ಕಂಪನಿಯವರೇ ಅಚ್ಚು ಹಾಕಿಸಿದ್ದಾರೆ: ‘ವರ್ಜಿನ್ ಅಟ್ಲಾಂಟಿಕ್‌ನಿಂದ ಕದ್ದದ್ದು’.

ಸಾವ್ಕಾರ್ರು ಅವತ್ತೇ ಸಂಜೆ ಎರಡನ್ನೂ ಫೆವಿಕ್ವಿಕ್ ಹಾಕಿ ಶೋಕೇಸಿಗೆ ಅಂಟಿಸಿದರು. ಯಾಕೆ ಎಂದು ಕೇಳಿದೆ.

“ಕಾಲ ಸರಿ ಇಲ್ರಿ,” ಎಂದರು, “ಬಂದೋರು ಎತ್ಕೊಂಡು ಹೋಗಿಬಿಡ್ತಾರ.”