ಹಲ್ಲಿದೆ, ಆಯುಸ್ಸಿಲ್ಲ

ಬ್ರಹ್ಮಸಮುದ್ರದ ನಮ್ಮ ಸೋದರಮಾವನ ಟ್ರ್ಯಾಕ್ಟರ್ ಟ್ರಾಲಿಗೆ ವರ್ಷಕ್ಕೆ ಒಂದೇ ತಿಂಗಳು ಕೆಲಸ, ಕಡಲೆಕಾಯಿ ಹೊರೋದು. ಮಿಕ್ಕ ಹನ್ನೊಂದು ತಿಂಗಳು ಅನಂತಪುರ ಸೀಮೆಯ ಬಿಸಿಲು ಕಾಯಿಸುತ್ತಾ ನಿಂತಿರುತ್ತೆ. ಹೋದ ಸಲ ನೋಡಿದರೆ ಟೈರಿನ ಪಕ್ಕೆಯೆಲ್ಲ ಬತ್ತಿದ ಕೆರೆಯಂಗಳದ ಹಾಗೆ ಬಿರುಕು.

"ಮಾವಾ, ಟೈರ್ ಬದಲಾಯಿಸಿ."

"ಹಲ್ಲು ಒಂದೂ ಸವೆದಿಲ್ಲ ಕಣೋ!"

ಉಗುರಿನಿಂದ ಮಣ್ಣು ಕೆರೆದೆ. ನಾಲ್ಕಂಕಿ ಕಂಡಿತು: 2212. ಅಂದರೆ 2012ರ 22ನೇ ವಾರದ ಹುಟ್ಟು. ಟೈರಿಗೂ ಜಾತಕ ಇರುತ್ತೆ ಅಂತ ಮಾವನಿಗೆ ಅವತ್ತೇ ಗೊತ್ತಾದದ್ದು. ಓಡದೆ ನಿಂತರೂ ಬಿಸಿಲಿಗೆ, ಗಾಳಿಯ ಆಮ್ಲಜನಕಕ್ಕೆ ರಬ್ಬರು ಗಟ್ಟಿಯಾಗಿ ಸೀಳುತ್ತೆ. ಅಮೆರಿಕದಲ್ಲಿ ಅಡುಗೆಮನೆ, ಮಂಚ ಸಮೇತ ಓಡುವ ಮೋಟರ್‌ಹೋಮ್ ಇಟ್ಟುಕೊಂಡವರ ಪಾಡೂ ಇದೇ. ಹೊಸದರಂತೆ ಕಾಣುವ ಟೈರನ್ನೇ ಆರೇಳು ವರ್ಷಕ್ಕೆ ಕಿತ್ತೆಸೆಯಬೇಕು.

ಮಾವ ಕನ್ನಡಕ ಏರಿಸಿ ಅಂಕಿಯನ್ನು ಎರಡು ಸಲ ಓದಿದರು.

"ಹನ್ನೆರಡನೇ ಇಸವಿಯಾ? ನಿಮ್ಮತ್ತೆ ಫ್ರಿಜ್ ಬೇಕು ಅಂದ ವರ್ಷ. ಇನ್ನೂ ಕೊಡಿಸಿಲ್ಲ. ಅವಳೇನು ಬಿರುಕು ಬಿಟ್ಟಳಾ?"

ಒಳಗೆ ಪಾತ್ರೆಯೊಂದು ಜೋರಾಗಿ ಬಿತ್ತು.

ಮರುದಿನ ಬೆಳಿಗ್ಗೆಯೇ ಕಲ್ಯಾಣದುರ್ಗಕ್ಕೆ ಹೊರಟೆವು. ಟೈರಿಗಲ್ಲ, ಫ್ರಿಜ್ಜಿಗೆ. ತಂದದ್ದು ಅದೇ ಟ್ರಾಲಿಯಲ್ಲಿ, ಎತ್ತಿನ ವೇಗದಲ್ಲಿ.