ಗೂಡಿನ ಹರಾಜು, ಸಿರಾಜು

ವಿರೂಪಾಕ್ಷಿಪುರದ ಟೀ ಅಂಗಡಿಯಲ್ಲಿ ಐಪಿಎಲ್ ಹರಾಜಿನ ಜಗಳ ಇನ್ನೂ ಮುಗಿದಿಲ್ಲ. ಹೊಸ ನಿಯಮ ಬಂದದ್ದು 2024ರ ಸೆಪ್ಟೆಂಬರ್ ಕೊನೆಗೆ. ಯಾರನ್ನು ಉಳಿಸಿಕೊಳ್ಳುತ್ತೀವಿ ಅಂತ ತಂಡಗಳು ಹೇಳೋಕೆ ಅಕ್ಟೋಬರ್ 31ರ ಗಡುವು.

"ಹುಳ ಹಣ್ಣಾದ ಮೇಲೆ ಚಂದ್ರಿಕೆ ಹುಡುಕಿದಂಗಾಯ್ತು ಕಣ್ಲಾ" ಎಂದರು ರೇಷ್ಮೆ ಸಾಕುವ ದೊಡ್ಡಪ್ಪ.

"ತಿಂಗಳು ಸಾಕಲ್ವಾ ದೊಡ್ಡಪ್ಪ? ಅಷ್ಟರಲ್ಲಿ ಒಂದು ಬೆಳೆ ಗೂಡೇ ಆಯ್ತದೆ" ಎಂದೆ ನಾನು.

ಆ ನಿಯಮದಲ್ಲಿ ಆರ್‌ಟಿಎಂ ಅಂತ ಒಂದಿತ್ತು. ಅಂದರೆ, ಕೂಗಿದ ಬೆಲೆಗೆ ಹಳೇ ತಂಡ ತನ್ನ ಆಟಗಾರನನ್ನು ವಾಪಸ್ ಕರೆಯೋ ಹಕ್ಕು. ಆ ಸಲ ಕೂಗಿದವನಿಗೂ ಬೆಲೆ ಏರಿಸಲು ಇನ್ನೊಂದು ಅವಕಾಶ ಕೊಟ್ಟರು. ದೊಡ್ಡಪ್ಪ ಉರಿದುಬಿದ್ದರು: "ರಾಮನಗರದ ಗೂಡಿನ ಮಾರ್ಕೆಟ್ಟಲ್ಲಿ ನಂಗ್ಯಾವ ರೀಲರ್ ಹಿಂಗೆ ಏರಿಸ್ದ?"

ಆರ್‌ಟಿಎಂ ಕೈಯಲ್ಲಿದ್ದೂ ನಮ್ಮ ಆರ್‌ಸಿಬಿ ತನ್ನ ಬೌಲರ್ ಸಿರಾಜ್‌ಗೆ ಬಳಸಲಿಲ್ಲ, ಅವನು 12.25 ಕೋಟಿಗೆ ಗುಜರಾತ್ ಪಾಲು. 2025ರ ಜೂನ್ 3ಕ್ಕೆ ಕಪ್ಪೇನೋ ನಮ್ಮದಾಯ್ತು. ಟೀ ದುಡ್ಡು ಮಾತ್ರ ಇವತ್ತಿಗೂ ನಾನೇ ಕೊಡ್ತಿದ್ದೀನಿ.