ಸೊಪ್ಪಿನ ಮೇಷ್ಟ್ರು

ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತಿ ಬರುವವರ ಕೈ ನೋಡಿ. ಹಾಲಿನ ಪ್ಯಾಕೆಟ್ ಇದ್ದರೆ ಸಾಮಾನ್ಯ ಮನುಷ್ಯರು. ಚೀಲದ ಬಾಯಿಂದ ದಂಟಿನ ಸೊಪ್ಪು ತಲೆ ಹಾಕಿದ್ದರೆ ಅವರೇ ನಮ್ಮ ಮೇಷ್ಟ್ರು. ರಿಟೈರಾದ ಮೇಲೆ ಕೆಲವರಿಗೆ ದೇವರ ಹುಚ್ಚು ಹತ್ತುತ್ತದೆ, ಕೆಲವರಿಗೆ ಷೇರಿನದು, ಇವರಿಗೆ ಸೊಪ್ಪಿನದು.

ಕೊಳ್ಳುವ ವೈಖರಿ ನೋಡಬೇಕು. ಕಟ್ಟನ್ನು ಎತ್ತಿ, ಒದರಿ, ದಂಟಿನ ಬುಡಕ್ಕೆ ಉಗುರು ಚುಚ್ಚಿ ಎಳೆಯದೋ ಬಲಿತದ್ದೋ ತೀರ್ಪು ಕೊಡುತ್ತಾರೆ. ಎಲೆಯಲ್ಲಿ ತೂತು ಕಂಡರಂತೂ ಮುಖ ಅರಳುತ್ತದೆ. "ಹುಳ ತಿಂದಿದೆ ಅಂದ್ರೆ ಔಷಧಿ ಹೊಡೆದಿಲ್ಲ ಅಂತ." ಮೆಂತ್ಯ, ಸಬ್ಬಸಿಗೆ, ಕೀರೆ, ನುಗ್ಗೆ ಎಲ್ಲ ಚೀಲ ಸೇರಿದ ಮೇಲೆ ಕರಿಬೇವಿನ ಕೊಸರು. ಪಿಂಚಣಿಯಲ್ಲಿ ತುಟ್ಟಿಭತ್ಯೆ ಬಿಟ್ಟಾರು, ಈ ಕೊಸರು ಬಿಡರು.

ಅಲ್ಲಿಗೆ ಅವರ ಪಾಲಿನ ಅಡುಗೆ ಮುಗಿಯಿತು. ಚೀಲವನ್ನು ಕಟ್ಟೆ ಮೇಲಿಟ್ಟು ಪಾಠ ಶುರು. ನುಗ್ಗೆಸೊಪ್ಪು ಕಣ್ಣಿಗೆ ಒಳ್ಳೆಯದು. ಸೊಪ್ಪು ಬೇಯುವಾಗ ಮುಚ್ಚಳ ಮುಚ್ಚಬೇಡ. ಹುಣಸೆಹುಳಿ ಕೊನೆಗೆ ಹಾಕು. ಹುಳಿ ಬಿದ್ದರೆ ಕ್ಲೋರೊಫಿಲ್‌ನ ಮೆಗ್ನೀಸಿಯಂ ಕಳಚಿ ಬಣ್ಣ ಕೆಡುತ್ತೆ. ಎಲ್ಲ ನಿಜವೇ. ಆದರೆ ನುಗ್ಗೆಯ ಆ ಪುಟಾಣಿ ಎಲೆಗಳನ್ನು ಕಡ್ಡಿಯಿಂದ ಬಿಡಿಸುತ್ತಿರುವವರ ಎದುರು ನಿಂತು ನಿಜ ಹೇಳಬಾರದು. ಅವರ ಮನೆಯವರು ಧಾರಾವಾಹಿ ಹಾಕಿಕೊಂಡು ಮೊರದ ಮುಂದೆ ಕೂರುತ್ತಾರೆ. ಅತ್ತೆ-ಸೊಸೆ ರಾಜಿಯಾದರೂ ಸಬ್ಬಸಿಗೆ ಸೋಸಿ ಮುಗಿದಿರುವುದಿಲ್ಲ.

ಮೊನ್ನೆ ಆಕೆ ಮಗಳ ಮನೆಗೆ ಹೋಗಿದ್ದರು. ಮೇಷ್ಟ್ರು ಬಸ್ಸಾರು ಮಾಡುತ್ತೇನೆಂದು ಘೋಷಿಸಿ, ಸಾಕ್ಷಿಗೆ ನನ್ನನ್ನು ಕರೆದರು. ಮುದ್ದೆ ನಮ್ಮ ಮನೆಯದು ಎಂಬ ಷರತ್ತೂ ಇತ್ತು. ದಂಟು, ಕೀರೆ ಹೆಚ್ಚಿದರು. ತೊಗರಿಬೇಳೆ ಅರೆ ಬೆಂದ ಮೇಲೆ ಸೊಪ್ಪು ಸುರಿದರು. ಪಾತ್ರೆ ಸಾಲದೆ ಕಟ್ಟೆಯ ಮೇಲೂ ಉಳಿದಿದ್ದ ಸೊಪ್ಪು ಸ್ವಲ್ಪ ಹೊತ್ತಿಗೆಲ್ಲ ತಳ ಸೇರಿ ಒಂದು ಹಿಡಿಯಾಯಿತು. ಸೊಪ್ಪಿನಲ್ಲಿ ಬಹುಪಾಲು ನೀರೇ ಎಂದು ಬೀದಿಗೆಲ್ಲ ಬೋಧಿಸುವವರು ಈಗ, "ಸೊಪ್ಪಿನವಳು ಮೋಸ ಮಾಡಿದ್ದಾಳೆ ಕಣ್ರೀ" ಅಂದರು.

ಆಮೇಲೆ ಜರಡಿ ತಂದು, ಸಿಂಕಿನಲ್ಲಿಟ್ಟು, ಗಂಭೀರವಾಗಿ ಬಸಿದರು. ಜರಡಿಯ ಕೆಳಗೆ ಪಾತ್ರೆ ಇರಲಿಲ್ಲ. ಯಾವ ನೀರಿಗೆ ಹುರಿದ ಬೆಳ್ಳುಳ್ಳಿ, ಜೀರಿಗೆ, ಒಣಮೆಣಸಿನಕಾಯಿ, ಕಾಯಿ ರುಬ್ಬಿ ಬೆರೆಸಬೇಕೋ ಆ ನೀರು ಗುಳುಗುಳು ಎಂದು ಮೋರಿಗೆ ಹೋಯಿತು. ಜರಡಿಯಲ್ಲಿ ಉಳಿದದ್ದು ಪಲ್ಯ. ನಾವಿಬ್ಬರೂ ಅದನ್ನೇ ಮುದ್ದೆಗೆ ಹಚ್ಚಿಕೊಂಡು ತಿಂದೆವು. ಒಣ ಪಲ್ಯದಲ್ಲಿ ಮುದ್ದೆ ಗಂಟಲಿಳಿಸುವ ಕಷ್ಟ ಉಂಡವರಿಗೇ ಗೊತ್ತು.

ಮರುದಿನ ಆಕೆ ಬಂದಾಗ ಮೇಷ್ಟ್ರ ಬಳಿ ಉತ್ತರ ಸಿದ್ಧವಿತ್ತು.

"ಬೇಕಂತಲೇ ಚೆಲ್ಲಿದ್ದು. ಸೊಪ್ಪಲ್ಲಿ ಆಕ್ಸಾಲಿಕ್ ಆಮ್ಲ ಇರುತ್ತೆ. ಬೇಯಿಸಿದ ನೀರು ಚೆಲ್ಲಿದ್ರೆ ಅದೂ ಹೋಗುತ್ತೆ. ಕಿಡ್ನಿಗೆ ಒಳ್ಳೇದು."

"ಹಂಗಾದ್ರೆ ಇಷ್ಟು ವರ್ಷ ನಾನು ಆ ನೀರಲ್ಲೇ ಸಾರು ಮಾಡಿ ಬಡಿಸಿದ್ನಲ್ಲ, ಅದು?"

"ಅದಕ್ಕೇ ಅಲ್ವಾ," ಅಂದರು ಮೇಷ್ಟ್ರು, ಕಾಲು ನೀವಿಕೊಳ್ಳುತ್ತಾ, "ನಂಗೆ ಈ ಮಂಡಿನೋವು."